ತೀತಿ ಸೆನೈದಾಳ ಬಾವುಟದ ತಟ್ಟೆ

ನನ್ನ ಸೋದರತ್ತೆ ಸೆನೈದಾ ನಮ್ಮ ದ್ವೀಪದ ಯಾವುಕೋ ಎಂಬ ಊರಿನ ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಬ್ರೆಡ್ಡು ಹಂಚಿದವಳು. ಅತ್ತೆಯನ್ನು ನಾವು ತೀತಿ ಎನ್ನುತ್ತೇವೆ. ಅವಳನ್ನು ಊರಿಗೆ ಊರೇ ತೀತಿ ಎನ್ನುತ್ತಿತ್ತು. ನಿವೃತ್ತಿಯಾದ ಮರುವರ್ಷ ಡಾಕ್ಟರು ಅವಳಿಗೆ ಸೀಲಿಯಾಕ್ ಎಂಬ ಕಾಯಿಲೆ ಇದೆ, ಗೋಧಿ ಅವಳ ಕರುಳಿಗೆ ವಿಷ, ಸಾಯುವವರೆಗೆ ಒಂದು ಚೂರನ್ನೂ ಮುಟ್ಟಬಾರದು ಎಂದರು. ಸಾಯುವವರೆಗೆ ಎಂದರೆ ಸುಮಾರು ಎಷ್ಟು ದಿನ ಎಂದು ತೀತಿ ಕೇಳಿದಳಂತೆ. ಡಾಕ್ಟರಿಗೆ ನಗು ಬಂತಂತೆ. ತೀತಿ ತಮಾಷೆಗೆ ಕೇಳಿರಲಿಲ್ಲ.

ಅಂದಿನಿಂದ ಅವಳ ಪಾತ್ರೆ ಬೇರೆ, ಸೌಟು ಬೇರೆ, ಪಾತ್ರೆ ತಿಕ್ಕುವ ನಾರೂ ಬೇರೆಯಾಯಿತು. ಅನ್ನ, ಕೆಂಪು ಹುರುಳಿಕಾಯಿ ಬೀಜದ ಸಾರು, ಬೇಯಿಸಿದ ಹಸಿಬಾಳೆ, ಬೆಳ್ಳುಳ್ಳಿ ಹಾಕಿ ಕುಟ್ಟಿದ ಕರಿದ ಬಾಳೆ, ಇಷ್ಟಿದ್ದರೆ ನಮ್ಮ ದ್ವೀಪದಲ್ಲಿ ಯಾರೂ ಉಪವಾಸ ಬೀಳುವುದಿಲ್ಲ. ಅಂಗಡಿಯ ಪೊಟ್ಟಣಗಳ ಮೇಲಿನ ಅಕ್ಷರ ಓದಲೇಬೇಕಾಗಿ ಬಂದು ಅವಳು ಒಂದು ಇಂಗ್ಲಿಷ್ ಪದವನ್ನು ಚೆನ್ನಾಗಿ ಕಲಿತಳು: ವೀಟ್, ಅಂದರೆ ಗೋಧಿ. ಉಳಿದ ಇಂಗ್ಲಿಷಿನ ಅಗತ್ಯ ಅವಳಿಗೆ ಕಾಣಲಿಲ್ಲ.

ತೊಂದರೆ ಬಂದದ್ದು ಚರ್ಚಿನಲ್ಲಿ. ಮೊದಲ ಪರಮಪ್ರಸಾದ ಸ್ವೀಕರಿಸುವ ಮಕ್ಕಳಿಗೆ ತೀತಿಯೇ ಜ್ಞಾನೋಪದೇಶ ಹೇಳಿಕೊಡುತ್ತಿದ್ದಳು. ನಾನೂ ಅವಳ ಶಿಷ್ಯೆ. ಪೂಜೆಯಲ್ಲಿ ಪಾದ್ರಿಗಳು ಮಂತ್ರಿಸಿದ ಮೇಲೆ ಪರಮಪ್ರಸಾದವೆಂದು ನಾಲಗೆಯ ಮೇಲಿಡುವ ಆ ತೆಳ್ಳನೆಯ ಬಿಳಿ ಬಿಲ್ಲೆಯಲ್ಲಿ, ಅಂದರೆ ಓಸ್ತಿಯಲ್ಲಿ, ರೊಟ್ಟಿ ಎಷ್ಟು ಉಳಿದಿರುತ್ತದೆ ಎಂಬುದು ಅವಳ ಖಾಯಂ ಪ್ರಶ್ನೆ. ಎಳ್ಳಷ್ಟೂ ಇಲ್ಲ, ಅದು ಪೂರ್ತಿ ಕ್ರಿಸ್ತರ ಶರೀರ ಎಂಬುದು ಉತ್ತರ. ಸ್ವಲ್ಪ ಇರುತ್ತದೆ ಎಂದವರು ಮೂಲೆಯಲ್ಲಿ ಮಂಡಿಯೂರಬೇಕಿತ್ತು. ಆ ಮೂಲೆಯ ನೆಲ ನನಗೆ ಇನ್ನೂ ನೆನಪಿದೆ.

ಓಸ್ತಿಯನ್ನು ಮಾಡುವುದು ಗೋಧಿ ಹಿಟ್ಟಿನಲ್ಲಿ. ನಮ್ಮ ಪಾದ್ರಿ ಆನ್ಸೆಲ್ಮೋ ವಿವೇಕಿಗಳು. ನೀನು ದ್ರಾಕ್ಷಾರಸ ಮಾತ್ರ ತಗೋ, ನಿನ್ನದೇ ಒಂದು ಪುಟ್ಟ ಬಟ್ಟಲು ತಂದುಕೋ, ಕ್ರಿಸ್ತರು ಅದರಲ್ಲೂ ಪೂರ್ತಿ ಇರುತ್ತಾರೆ ಎಂದು ಅಪ್ಪಣೆ ಕೊಟ್ಟರು. ತೀತಿ ತಲೆಬಾಗಿದಳು. ಆದರೆ ರೊಟ್ಟಿ ಇಲ್ಲವೆಂದು ಮಕ್ಕಳಿಗೆ ಹೇಳಿಕೊಟ್ಟವಳೇ ಆ ರೊಟ್ಟಿಗೆ ಹೆದರಿ ಬಟ್ಟಲು ಹಿಡಿದು ನಿಲ್ಲಬೇಕಲ್ಲ ಎಂದು ಅವಳಿಗೆ ಪ್ರತಿ ಭಾನುವಾರವೂ ನಾಚಿಕೆಯಾಗುತ್ತಿತ್ತು. ಸೆನೈದಾಗೆ ಈಗ ದೇವರಿಗಿಂತ ಹೆಂಡವೇ ಮುಖ್ಯ ಎಂದು ಹಿಂದಿನ ಸಾಲಿನವರು ಆಡಿಕೊಂಡದ್ದೂ ಉಂಟು.

ಅವಳ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ನನ್ನ ಅಪ್ಪ ಎಫ್ರಾಯಿನ್ ಸಾನ್ ಹುವಾನ್‌ನಿಂದ ಒಂದು ವಾರದ ಹಡಗು ಪ್ರವಾಸ ಹೊರಡಿಸಿದ. ಅಕ್ಕನ ಕಾಯಿಲೆಯಲ್ಲಿ ಅಪ್ಪನಿಗೆ ನಂಬಿಕೆಯಿರಲಿಲ್ಲ. ಒಂದು ತುಂಡು ತಿಂದರೆ ಪ್ರಾಣ ಹೋಗುತ್ತಾ ಎನ್ನುವುದು ಅವನ ವೈದ್ಯಕೀಯ ಜ್ಞಾನದ ಆದಿ ಮತ್ತು ಅಂತ್ಯ. ಇಂಗ್ಲಿಷ್ ಬರುತ್ತದೆಂದು ನನ್ನನ್ನೂ ಜೊತೆಗೆ ಸೇರಿಸಿಕೊಂಡರು.

ಹಡಗಿನಲ್ಲಿ ಬ್ರೆಡ್ಡಿಗೆ ರಾಜಮರ್ಯಾದೆ. ಊಟದ ಕೋಣೆಯ ನಡುವೆ ಬ್ರೆಡ್ಡಿನ ಹಂಸ, ಬ್ರೆಡ್ಡಿನ ಮೊಸಳೆ, ಬ್ರೆಡ್ಡಿನದೇ ಒಂದು ದೀಪಸ್ತಂಭ. ತೀತಿ ಆ ಮೇಜನ್ನು ಕಚ್ಚುವ ನಾಯಿಯನ್ನು ಬಳಸಿ ಹೋಗುವ ಹಾಗೆ ಬಳಸಿ ಹೋಗುತ್ತಿದ್ದಳು. ನಮ್ಮ ಟೇಬಲ್ಲಿಗೆ ಬಡಿಸುತ್ತಿದ್ದವನು ವಿಲ್ಮರ್, ಹೊಂಡುರಾಸ್‌ನ ಹುಡುಗ, ನಮ್ಮ ಸ್ಪ್ಯಾನಿಷ್ ಮಾತಿನವನೇ, ತೀತಿಯನ್ನು ದೋನ್ಯಾ, ಅಂದರೆ ಅಮ್ಮಾವ್ರೇ, ಎನ್ನುತ್ತಿದ್ದ. ಪಕ್ಕದ ಟೇಬಲ್ಲಿನ ಟೆಕ್ಸಸ್ ದಂಪತಿಯನ್ನು ಇಂಗ್ಲಿಷಿನಲ್ಲಿ ನಗಿಸಿ ನಗಿಸಿ ಸುಸ್ತು ಮಾಡುತ್ತಿದ್ದ. ತೀತಿಯ ಊಟವನ್ನು ಮಾತ್ರ ಬೇರೆಯವರಿಗೆ ಮುಟ್ಟಲು ಬಿಡದೆ, ಮುಚ್ಚಳ ಮುಚ್ಚಿ, ತಾನೇ ಹೊತ್ತು ತರುತ್ತಿದ್ದ. ಗುರುತಿಗೆ ಆ ತಟ್ಟೆಯಲ್ಲಿ ಕಡ್ಡಿಗೆ ಅಂಟಿಸಿದ ಒಂದು ಪುಟ್ಟ ಬಿಳಿ ಬಾವುಟ. ನಮಗೆಲ್ಲ ಊಟ ಬರುತ್ತಿತ್ತು, ತೀತಿಗೆ ರಾಷ್ಟ್ರವೊಂದು ಬರುತ್ತಿತ್ತು.

ಅವರಿಬ್ಬರ ನಡುವೆ ಇದ್ದ ಕೊರತೆ ಒಂದೇ. ವಿಲ್ಮರ್ ಕ್ಯಾಥೊಲಿಕ್ ಅಲ್ಲ, ಕೈತಟ್ಟಿ ಹಾಡುವ ಸುವಾರ್ತಾ ಸಭೆಯವನು. ತೀತಿ ಅವನನ್ನು ಸರಿದಾರಿಗೆ ತರಲು ಮೊದಲ ದಿನವೇ ಟೊಂಕ ಕಟ್ಟಿದಳು.

"ನಿಮ್ಮ ಸಭೇಲಿ ಏನಪ್ಪಾ ಕೊಡ್ತಾರೆ? ಬಿಸ್ಕತ್ತಾ?"

"ಬ್ರೆಡ್ಡು, ದೋನ್ಯಾ. ಯೇಸು ನೆನಪಿಗೆ ಅಂತ ತಿಂತೀವಿ. ಬ್ರೆಡ್ಡು ಬ್ರೆಡ್ಡಾಗೇ ಇರುತ್ತೆ."

"ಅದು ತಿಂಡಿ ಆಯ್ತು, ಮಗಾ. ನಮ್ಮಲ್ಲಿ ಬ್ರೆಡ್ಡೇ ಉಳಿಯಲ್ಲ. ಯಾವತ್ತಾದ್ರೂ ಬಂದು ನೋಡು."

ಅವನು ಗೌರವದಿಂದ ತಲೆಯಾಡಿಸಿ ಉಪ್ಪಿನ ಡಬ್ಬಿ ಹತ್ತಿರ ಸರಿಸುತ್ತಿದ್ದ.

ಭಾನುವಾರ ಬೆಳಿಗ್ಗೆ ಹಡಗಿನ ನಾಟಕಶಾಲೆಯಲ್ಲಿ ಪೂಜೆ ಇತ್ತು. ಹಿಂದಿನ ರಾತ್ರಿ ಜಾದೂಗಾರ ಹೆಂಗಸನ್ನು ಎರಡು ತುಂಡು ಮಾಡಿದ್ದ ವೇದಿಕೆಯೇ ಬಲಿಪೀಠ. ಪಾದ್ರಿಗಳು ಬಹಳ ವಯಸ್ಸಾದವರು, ಸ್ಪ್ಯಾನಿಷ್ ಬಾರದವರು. ತೀತಿ ತನ್ನ ಬಟ್ಟಲು ಹಿಡಿದು ಸಾಲಿನಲ್ಲಿ ನಿಂತಳು, ನಾನು ಅವಳ ಹಿಂದೆ. ಪಾದ್ರಿಗಳು ಓಸ್ತಿ ಎತ್ತಿ ಹಿಡಿದು ಕ್ರಿಸ್ತರ ಶರೀರ ಎಂದರು. ತೀತಿ ಅಭ್ಯಾಸಬಲದಿಂದ ಆಮೆನ್ ಎಂದಳು. ಆಮೇಲೆ ತನ್ನ ವಿಷಯ ವಿವರಿಸೋಣವೆಂದು ಬಾಯಿ ತೆರೆದಳು. ಪಾದ್ರಿಗಳು ತೆರೆದ ಬಾಯಿಗೆ ಓಸ್ತಿ ಇಟ್ಟರು.

ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿ ಕೊಟ್ಟದ್ದೇ ಕಷ್ಟವಾಯಿತು. ಬಾಯಿಗೆ ಬಂದ ಪರಮಪ್ರಸಾದವನ್ನು ಉಗುಳುವವರು ನಮ್ಮ ಪೈಕಿ ಇನ್ನೂ ಹುಟ್ಟಿಲ್ಲ. ತೀತಿ ಕಣ್ಣು ಮುಚ್ಚಿ ನುಂಗಿದಳು. ತನ್ನ ಜಾಗಕ್ಕೆ ಮರಳುವಾಗ ಅವಳ ಮುಖದಲ್ಲಿ ಭಯವಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ತವರಿಗೆ ಕಾಲಿಟ್ಟವಳಂತೆ ಇದ್ದಳು. ಅವಳಿಗೆ ಸಂತೋಷವಾಗಿತ್ತು, ಅಷ್ಟೇ.

ಸಂಜೆಯ ಹೊತ್ತಿಗೆ ಕರುಳು ತನ್ನ ಅಭಿಪ್ರಾಯ ತಿಳಿಸಿತು. ವಾಂತಿ, ಭೇದಿ, ಹೊಟ್ಟೆ ಹಿಡಿದು ಮಲಗಿದರೆ ಏಳಲಾರದ ಸ್ಥಿತಿ. ಹಡಗಿನ ಡಾಕ್ಟರು ಗೋಧಿ ಹೊಟ್ಟೆಗೆ ಹೋಗಿದೆ ಎಂದರು. ಒಂದು ತುಂಡಿನಿಂದ ಏನೂ ಆಗದು ಎನ್ನುತ್ತಿದ್ದ ಅಪ್ಪ ಆ ಕ್ಷಣವೇ ಮತಾಂತರಗೊಂಡು, ನನ್ನ ಅಕ್ಕನಿಗೆ ವಿಷ ಹಾಕಿದಿರಿ ಎಂದು ಮ್ಯಾನೇಜರನ ಬಾಗಿಲು ಬಡಿದ. ಮ್ಯಾನೇಜರ್ ಬೆಳಿಗ್ಗೆ ವಿಚಾರಣೆ ಮಾಡುವುದಾಗಿ ಹೇಳಿದ. ಪಥ್ಯದವರು ಕಾಯಿಲೆ ಬಿದ್ದರೆ ಅವರ ತಟ್ಟೆ ಹೊತ್ತವನನ್ನು ಮುಂದಿನ ಬಂದರಿನಲ್ಲಿ ಇಳಿಸಿ ಊರಿಗೆ ಕಳಿಸುವುದು ಆ ಹಡಗಿನ ಪದ್ಧತಿಯಂತೆ.

ನಾನು ತೀತಿಯ ಹಾಸಿಗೆಯ ಪಕ್ಕ ಕುಳಿತೆ. "ತೀತಿ, ಬೆಳಿಗ್ಗೆ ಆ ಓಸ್ತಿ..."

"ಅದರಲ್ಲಿ ರೊಟ್ಟಿ ಎಷ್ಟಿರುತ್ತೆ?"

"ಎಳ್ಳಷ್ಟೂ ಇಲ್ಲ," ಎಂದು ನನ್ನ ಬಾಯಿ ತಾನಾಗಿ ಹೇಳಿತು.

"ಹಾಗಾದ್ರೆ ಸುಮ್ನಿರು." ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ಬೆಳಿಗ್ಗೆ ಅವಳು ಗೋಡೆ ಹಿಡಿದುಕೊಂಡು ಮ್ಯಾನೇಜರನ ಕೋಣೆಗೆ ಬಂದಳು. ಚರ್ಚಿಗೆ ಹಾಕಿಕೊಳ್ಳುವ ನೀಲಿ ಉಡುಪನ್ನೇ ಹಾಕಿಕೊಂಡಿದ್ದಳು. ವಿಲ್ಮರ್ ಗೋಡೆಗೆ ಒತ್ತಿ ನಿಂತಿದ್ದ. ಆ ತಟ್ಟೆಯನ್ನು ಬೇರೆ ಯಾರು ಮುಟ್ಟಿದ್ದರು ಎಂದು ಮ್ಯಾನೇಜರ್ ಇಂಗ್ಲಿಷಿನಲ್ಲಿ ಕೇಳಿದ. ಯಾರೂ ಮುಟ್ಟಿಲ್ಲ, ತಪ್ಪಾಗಿದ್ದರೆ ನನ್ನ ಕೈಯಲ್ಲೇ ಆಗಿರಬೇಕು ಎಂದ ವಿಲ್ಮರ್. ಅಡುಗೆಯವರ ಮೇಲೆ ಹಾಕಬಹುದಿತ್ತು, ಹಾಕಲಿಲ್ಲ. ನಾನು ಅದನ್ನು ತೀತಿಗೆ ಹೇಳಿದೆ.

"ಇವನನ್ನ ಏನ್ಮಾಡ್ತಾರಂತೆ?" ಎಂದಳು.

"ನಾಳೆ ಸೇಂಟ್ ಥಾಮಸ್ ಬಂದರಿನಲ್ಲಿ ಇಳಿಸಿ ಮನೆಗೆ ಕಳಿಸ್ತಾರಂತೆ."

ತೀತಿ ವಿಲ್ಮರನನ್ನು ನೋಡಿದಳು. ಬ್ರೆಡ್ಡು ಬ್ರೆಡ್ಡಾಗೇ ಇರುತ್ತದೆ ಎಂದಿದ್ದವನು ಅವನು. ಲೋಕದಲ್ಲಿ ಬೇರೆ ಯಾರ ಮುಂದೆ ಹೇಳಬೇಕಾಗಿ ಬಂದರೂ ಅವಳಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ನಾನು ಅನುವಾದಕ್ಕೆ ಸಿದ್ಧಳಾದೆ. ಅವಳು ನನ್ನನ್ನು ಕೈಯಿಂದಲೇ ತಡೆದು, ನೇರ ಮ್ಯಾನೇಜರನಿಗೆ ತನಗೆ ಗೊತ್ತಿದ್ದಷ್ಟು ಇಂಗ್ಲಿಷಿನಲ್ಲಿ ಹೇಳಿದಳು:

"ಸಂಡೇ. ಚರ್ಚ್. ವೀಟ್."

ಎಷ್ಟು ಮಕ್ಕಳನ್ನು ಅವಳು ಆ ಒಂದು ಉತ್ತರಕ್ಕಾಗಿ ಮೂಲೆಯಲ್ಲಿ ಮಂಡಿಯೂರಿಸಿದ್ದಳೋ ಲೆಕ್ಕವಿಲ್ಲ. ನನಗೆ ಅವಳ ಮುಖ ನೋಡಲಾಗಲಿಲ್ಲ. ಮ್ಯಾನೇಜರನಿಗೆ ಅರ್ಥವಾಗಿ ನಿರಾಳವಾಯಿತು, ವಿಲ್ಮರನಿಗೆ ಕೆಲಸಕ್ಕೆ ಹೋಗು ಎಂದ. ಕೂಸಾಗಿದ್ದಾಗಿನ ಜ್ಞಾನಸ್ನಾನದ ನಂತರ ಚರ್ಚಿನ ಒಳಗೆ ಹೋಗದ ಅಪ್ಪ ಮಾತ್ರ, ಚರ್ಚಿಗೆ ಗೋಧಿ ಎಲ್ಲಿಂದ ಬಂತು ಎಂದು ಮಧ್ಯಾಹ್ನದವರೆಗೂ ಕೇಳುತ್ತಿದ್ದ.

ಹೊರಗೆ ಬಂದು ತೀತಿ ಅತ್ತಳು. ಸುಳ್ಳು ಹೇಳಿದ್ದಕ್ಕೋ ನಿಜ ಹೇಳಿದ್ದಕ್ಕೋ ತನಗೇ ತಿಳಿಯುತ್ತಿಲ್ಲ ಎಂದಳು.

ಮಾರನೆಯ ಸಂಜೆ ಅವಳು ಊಟಕ್ಕೆ ಬಂದು ಕುಳಿತಳು. ವಿಲ್ಮರ್ ಬಾವುಟದ ತಟ್ಟೆ ತಂದಿಟ್ಟು ಮುಚ್ಚಳ ತೆಗೆದ. ಗಂಜಿಯಂತೆ ಬೇಯಿಸಿದ ಅನ್ನ, ಬೇಯಿಸಿದ ಹಸಿಬಾಳೆ. ತೀತಿ ಚಮಚ ಮುಟ್ಟಲಿಲ್ಲ.

"ಏನು ಹೇಳ್ಬೇಕು ಅಂತಿದೀಯೋ ಹೇಳಿ ಮುಗಿಸು, ಮಗಾ."

"ಯಾವ ವಿಷಯ, ದೋನ್ಯಾ?"

"ನಿನ್ನೆ ಆಫೀಸಲ್ಲಿ ನಾನು ಹೇಳಿದ್ದು."

ವಿಲ್ಮರ್ ತಟ್ಟೆಯನ್ನು ಅವಳ ಕಡೆಗೆ ತುಸು ತಿರುಗಿಸಿದ. "ನೀವು ಅದೇನೋ ಇಂಗ್ಲಿಷಲ್ಲಿ ಅಂದ್ರಿ. ನಂಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ದೋನ್ಯಾ."

ಹೀಗೆಂದು ಅವನು ಪಕ್ಕದ ಟೇಬಲ್ಲಿಗೆ ಹೋಗಿ, ಟೆಕ್ಸಸ್ ದಂಪತಿಗೆ ಇಂಗ್ಲಿಷಿನಲ್ಲಿ ಒಂದು ಉದ್ದನೆಯ ನಗೆಹನಿ ಹೇಳತೊಡಗಿದ. ತೀತಿ ಅದು ಮುಗಿಯುವವರೆಗೆ ಅವನ ಬೆನ್ನನ್ನೇ ನೋಡುತ್ತಿದ್ದಳು. ಆಮೇಲೆ ಬಾವುಟವನ್ನು ಕಿತ್ತು, ಒರೆಸಿ, ತನ್ನ ಪರ್ಸಿನಲ್ಲಿದ್ದ ಪೂಜೆಯ ಬಟ್ಟಲಿನೊಳಗೆ ಇಟ್ಟುಕೊಂಡು ಊಟಕ್ಕೆ ಕೈಹಚ್ಚಿದಳು.