ಸುಣ್ಣ ಬಿದ್ದ ಕಣ್ಣು

ಶಿವರಾತ್ರಿಗೆ ನಾಲ್ಕೇ ದಿನ ಉಳಿದಿತ್ತು. ಗೋಡೆಗೆ ಬಳಿಯಲೆಂದು ಹಿಂದಿನ ಸಂಜೆಯೇ ಸುಣ್ಣದ ಕಲ್ಲನ್ನು ಬಾನಿಗೆ ಹಾಕಿ ನೀರು ಹೊಯ್ದಿದ್ದೆ. ಕಲ್ಲು ಬುಸುಗುಟ್ಟಿತು, ಸಿಡಿಯಿತು, ಕೆಳಗೆ ಬೆಂಕಿಯಿಲ್ಲದೆ ಕೊತಕೊತ ಕುದಿಯಿತು. ಐದು ವರ್ಷದ ಕಿರಿಮಗಳು ದೂರ ನಿಂತು ಚಪ್ಪಾಳೆ ತಟ್ಟಿದ್ದಳು. ಬೆಳಗಾಗುವಷ್ಟರಲ್ಲಿ ಬಾನಿ ತಣ್ಣಗಾಗಿ ಸುಣ್ಣ ಮೊಸರಿನಂತೆ ಕೂತಿತ್ತು.

ಅದನ್ನು ಕೋಲಿನಿಂದ ಕದಡುತ್ತಿದ್ದೆ. ಅವಳು ಯಾವಾಗ ಬಂದು ಬಗ್ಗಿದಳೋ ನೋಡಲಿಲ್ಲ. ಕೋಲು ಎತ್ತಿದೆ, ಒಂದು ಮುದ್ದೆ ಹಾರಿ ಅವಳ ಎಡಗಣ್ಣಿಗೆ ಬಿತ್ತು.

ಆ ಕೂಗನ್ನು ಬರೆಯಲು ನನಗೆ ಬರುವುದಿಲ್ಲ. ಬಲಗಣ್ಣಿಗೆ ಏನೂ ಆಗಲಿಲ್ಲ ಎಂಬುದೊಂದು ಶಿವನ ದಯೆ. ಅದನ್ನು ಮೊದಲು ಹೇಳಿಬಿಡುತ್ತೇನೆ, ಮುಂದಿನದನ್ನು ಹೇಳಲು ಅದೇ ನನಗೆ ಆಸರೆ.

ಅತ್ತೆ ಒಳಗಿಂದ ಚೊಂಬಿನಲ್ಲಿ ನೀರು ಹಿಡಿದು ಓಡಿ ಬಂದರು. ನಾನು ಅವರ ಕೈಯನ್ನು ತಳ್ಳಿದೆ.

"ಬ್ಯಾಡ್ರಿ ಅತ್ತೆ! ನೀರು ಬಿದ್ರೆ ಕುದಿತೈತೆ! ನಿನ್ನೆ ನೋಡ್ಲಿಲ್ವಾ?"

ನನ್ನ ತಲೆಯಲ್ಲಿ ಹಿಂದಿನ ಸಂಜೆಯ ಆ ಬಾನಿಯೇ ಇತ್ತು. ಮಗಳ ಕಣ್ಣಿನೊಳಗೂ ಹಾಗೇ ಕುದಿಯುತ್ತದೆ ಎಂದುಕೊಂಡೆ. ಚೊಂಬು ಉರುಳಿತು, ನೀರೆಲ್ಲ ಅಂಗಳದ ಪಾಲಾಯಿತು. ಸೆರಗಿನಿಂದ ಕಣ್ಣು ಒರೆಸಿದೆ. ಹತ್ತನೇ ತರಗತಿಯಲ್ಲಿದ್ದ ಹಿರಿಮಗಳು ನಿಂಬೆಹಣ್ಣು ಕೊಯ್ದು ತಂದಳು.

"ಅವ್ವಾ, ಸುಣ್ಣ ಪ್ರತ್ಯಾಮ್ಲ, ನಿಂಬೆ ಆಮ್ಲ. ಎರಡೂ ಸೇರಿದ್ರೆ ಲವಣ ಆಗ್ತೈತೆ, ನೀರಾಗ್ತೈತೆ. ಸುಣ್ಣ ಸತ್ತೋಗ್ತೈತೆ. ಪುಸ್ತಕದಾಗೈತೆ ಕಣವ್ವ!"

ಓದು ಬರುವ ಮಗಳು ಹೇಳುತ್ತಿದ್ದಾಳೆ, ಅಚ್ಚಾದ ಪುಸ್ತಕ ಹೇಳುತ್ತಿದೆ. ರೆಪ್ಪೆ ಬಿಡಿಸಿ ಹಿಡಿದವಳು ನಾನೇ. ಅವಳು ಹಿಂಡಿದ್ದು ನಾಲ್ಕೈದು ಹನಿ. ಮಗು ಬಿಲ್ಲಿನಂತೆ ಸೆಟೆದು ನನ್ನ ಕೈಯಿಂದ ಜಾರಿತು.

ಮನೆಯವರು ಅಕ್ಕನ ಮನೆಗೆಂದು ಮೊಳಕಾಲ್ಮೂರಿಗೆ ಹೋಗಿದ್ದರು. ಹೇಳಿ ಕಳಿಸಲು ಯಾರೂ ಇರಲಿಲ್ಲ. ಮಗುವನ್ನು ಎತ್ತಿಕೊಂಡು ಹಿರಿಯವಳ ಜೊತೆ ರಸ್ತೆಗೆ ಓಡಿದೆ. ಚಳ್ಳಕೆರೆ ಬಸ್ಸು ನಿಂತೇ ಇತ್ತು. ಅದೂ ಶಿವನ ದಯೆಯೇ.

ಬಸ್ಸಿನಲ್ಲಿ ಎದುರು ಸೀಟಿನ ಹಿರಿಯರೊಬ್ಬರು ಏನಾಯಿತೆಂದು ಕೇಳಿದರು, ನಿನ್ನೆ ನೆನೆಸಿದ ಸುಣ್ಣ ಸಿಡಿಯಿತೆಂದೆ. ಅವರದು ಎಣ್ಣೆ ಮಿಲ್ಲಿನಲ್ಲಿ ಕೆಲಸ, ಅಂಗಿಯಿಂದ ಹಿಂಡಿಯ ವಾಸನೆ ಬರುತ್ತಿತ್ತು.

"ಎಷ್ಟು ನೀರು ಹಾಕಿದ್ರಿ ತಾಯಿ?"

"ಹಾಕಿಲ್ಲ. ಕುದಿತೈತೆ ಅಂತ..."

"ಅಯ್ಯೋ, ಕುದಿಯೋದು ಕಲ್ಲು ಕಣವ್ವಾ! ಇದು ನಿನ್ನೇನೇ ಕುದ್ದು ಮುಗಿಸೈತೆ. ಈಗ ಸುಡಾಕೆ ಕುಂತೈತೆ. ಮಿಲ್ಲಾಗೆ ಕಾಸ್ಟಿಕ್ ಸೋಡ ಸಿಡಿದ್ರೆ ನೀರಿನ ತೊಟ್ಟಿಗೇ ತಲೆ ಇಡ್ತೀವಿ ನಾವು. ಹಿಡಿ, ತಲೆ ಹಿಡಿ!"

ಅವರು ತಮ್ಮ ನೀರಿನ ಕ್ಯಾನನ್ನು ಮಗುವಿನ ಕಣ್ಣಿಗೆ ಬಗ್ಗಿಸಿದರು. ಕ್ಯಾನು ಬರಿದಾದಾಗ, "ಯಾರ ಹತ್ರ ನೀರೈತ್ರಪ್ಪೋ, ಕೊಡ್ರಿ!" ಎಂದು ಕೂಗಿದರು. ಬಾಟಲಿಗಳು ಕೈಯಿಂದ ಕೈಗೆ ಬಂದವು. ಬಿಳಿ ಬಿಳಿ ಚೂರುಗಳು ಕೆನ್ನೆಯ ಮೇಲೆ ಇಳಿದವು. ಏನೂ ಕುದಿಯಲಿಲ್ಲ. ಏನೂ ಕುದಿಯಲಿಲ್ಲವೆಂದು ಕಂಡಾಗ ನನ್ನ ಎದೆ ಒಡೆಯಿತು. ಈ ನೀರು ನಮ್ಮ ಅಂಗಳದಲ್ಲೇ ಇತ್ತು. ಅತ್ತೆಯ ಕೈಯಲ್ಲಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ರೆಪ್ಪೆ ಮಗುಚಿ, ಸಲೈನ್ ಬಾಟಲಿ ತೂಗುಹಾಕಿ, ನಳಿಗೆಯಿಂದ ತೊಳೆದೇ ತೊಳೆದರು. ನಾನು ಶಿವಾ ಶಿವಾ ಎನ್ನುತ್ತ ಮಗುವಿನ ಕಾಲು ಹಿಡಿದು ಕೂತಿದ್ದೆ. ನಿಂಬೆಯ ವಿಷಯವನ್ನು ಹಿರಿಯವಳೇ ಹೇಳಿದಳು, ಯಾರೂ ಕೇಳದೆ. ಡಾಕ್ಟರು ಬೈಯಲಿಲ್ಲ.

"ಆಮ್ಲ, ಪ್ರತ್ಯಾಮ್ಲ ಸೇರ್ದಾಗ ಬಿಸಿ ಹುಟ್ತದಲ್ಲಮ್ಮ. ಪ್ರಯೋಗ ಮಾಡುವಾಗ ಪ್ರನಾಳ ಮುಟ್ಟಿ ನೋಡಿಲ್ವಾ?"

"ನಮಗೆ ಪ್ರಯೋಗ ಮಾಡ್ಸಿಲ್ಲ ಸಾರ್. ಬೋರ್ಡ್ ಮ್ಯಾಲೆ ಬರ್ದಿದ್ರು."

ಅವಳು ಗೋಡೆಗೆ ಮುಖ ಮಾಡಿ ನಿಂತಳು. ತಪ್ಪು ನನ್ನದು ಮಗಳೇ, ರೆಪ್ಪೆ ಬಿಡಿಸಿದವಳು ನಾನು ಎನ್ನಬೇಕಿತ್ತು.

ಅಲ್ಲಿಂದ ಚಿತ್ರದುರ್ಗಕ್ಕೆ ಕಳಿಸಿದರು. ತಿಂಗಳುಗಟ್ಟಲೆ ಮುಲಾಮು, ಹನಿ, ಪಟ್ಟಿ. ಮನೆಯವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅಂದಿದ್ದರೆ ತಾಳಬಹುದಿತ್ತು. ಅತ್ತೆಯೂ ಚೊಂಬಿನ ಮಾತು ಎತ್ತಲಿಲ್ಲ. ಸೋಮವಾರಗಳಂದು ಒಪ್ಪತ್ತು ಹಿಡಿದೆ. ಎರಡು ಕಣ್ಣು ಕೊಡು ಎಂದು ಕೇಳಲು ನನಗೆ ಬಾಯಿರಲಿಲ್ಲ. ಪೂರ್ತಿ ಕತ್ತಲು ಮಾಡಬೇಡಪ್ಪ ಎಂದಷ್ಟೇ ಬೇಡಿದೆ.

ಪಟ್ಟಿ ಬಿಚ್ಚಿದಾಗ ಕಪ್ಪು ಗುಡ್ಡೆಯ ಮೇಲೆ ಬಿಳಿ ಪೊರೆಯಂತೆ ಹೂ ಬಿದ್ದಿತ್ತು. ಡಾಕ್ಟರು ಅವಳ ಬಲಗಣ್ಣು ಮುಚ್ಚಿ, "ಎದುರಿಗೆ ಯಾರಿದಾರೆ?" ಎಂದರು.

ಅವಳು ಬಹಳ ಹೊತ್ತು ನೋಡಿದಳು.

"ಅವ್ವ."

"ಅವ್ವನ ಮುಖ ಕಾಣ್ತದಾ?"

"ಮುಖ ಇಲ್ಲ. ಬೆಳ್ಳಗೆ ಐತೆ. ಆದ್ರೆ ಅವ್ವನೇ."

ನಾನು ಅವಳನ್ನು ಎತ್ತಿಕೊಂಡೆ. ಕಂಡಿದ್ದರಿಂದ ಹೇಳಿದಳೋ, ನಾನು ಅಲ್ಲೇ ನಿಂತಿರುವುದು ಗೊತ್ತಿದ್ದರಿಂದ ಹೇಳಿದಳೋ, ಮತ್ತೊಮ್ಮೆ ಕೇಳುವ ಧೈರ್ಯ ನನಗೆ ಬರಲಿಲ್ಲ.