ಅಜ್ಜಿಯ ಎದುರು ಕೂತ ರಾಕ್ ಬ್ಯಾಂಡು

ಆಂಪ್ಲಿಫೈಯರ್ ಬಿಸಿಯಾದಾಗ ಏಳುವ ಸುಟ್ಟ ಧೂಳಿನ ವಾಸನೆ ಎಲ್ಲೇ ಮೂಗಿಗೆ ಬಡಿಯಲಿ, ಹೊಳಲ್ಕೆರೆಯ ನಮ್ಮ ಅಜ್ಜಿಮನೆ ಕಣ್ಣೆದುರು ಬಂದು ನಿಲ್ಲುತ್ತದೆ. ಹಿಂದಿನ ಕೋಣೆಯಲ್ಲಿ ಮಂಜಣ್ಣ ಮಾವ ಮತ್ತವನ ಮೂವರು ಗೆಳೆಯರ ರಾಕ್ ಬ್ಯಾಂಡು, ಪಡಸಾಲೆಯಲ್ಲಿ ರಾಗಿ ಬೀಸುತ್ತ ಹಾಡುವ ಅಜ್ಜಿ, ನಡುವೆ ಎರಡೂ ಕಡೆ ಕಿವಿ ಕೊಟ್ಟು ಕೂತ ನಾನು. ಅವರ ಇಂಗ್ಲಿಷ್ ಹಾಡು ಊರಿಗೆ ತಿಳಿಯುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಅವರಿಗೂ ಅಷ್ಟಕ್ಕಷ್ಟೇ. ಕರೆಯುವವರಿಲ್ಲದೆ ಬ್ಯಾಂಡು ಮುರಿದುಬೀಳುವುದರಲ್ಲಿತ್ತು. ಆ ಸಂಕಟದಲ್ಲೇ ಒಂದು ದಿನ ಮಾವ, "ಅವ್ವಾ, ಬಾಯ್ ಮುಚ್ಕೊಂಡು ಬೀಸು, ನಿನ್ ಪದ ಮೈಕಿಗೆ ಬೀಳ್ತೈತೆ," ಎಂದು ರೇಗಿದ. ಅಜ್ಜಿ ಸುಮ್ಮನಾದಳು. ಹಾಡಿಲ್ಲದ ಆ ಬೀಸುವ ಸದ್ದು ಕೇಳಿ ನನಗೆ ಅಳು ಬಂತು.

ಸಂಜೆ, ಆ ದಿನ ರೆಕಾರ್ಡ್ ಮಾಡಿದ್ದ ಕ್ಯಾಸೆಟ್ ಹಾಕಿದರೆ, ಗೆಳೆಯರು ಮತ್ತೆ ಮತ್ತೆ ಹಿಂದಕ್ಕೆ ತಿರುಗಿಸಿ ಕೇಳಿದ್ದು ಗಿಟಾರಿನ ಹಿಂದೆ ತೇಲಿಬಂದ ಅಜ್ಜಿಯ ದನಿಯನ್ನೇ. "ಇದನ್ನೇ ಹಾಡಾಣ ಕಣೋ," ಎಂದ ಡ್ರಮ್ಸ್ ಬಾರಿಸುವ ಖಾದರ್. ಮರುದಿನ ಮಾವ ಅಜ್ಜಿಯ ಮುಂದೆ ಮೈಕ್ ಇಟ್ಟ. ಅಜ್ಜಿ ಕೈಕಟ್ಟಿ ಕೂತಳು. ಒಂದು ಸೊಲ್ಲೂ ಹೊರಡಲಿಲ್ಲ. ಮುನಿಸು ಇಳಿದಿಲ್ಲವೆಂದು ಮಾವ ಮುಖ ಸಣ್ಣದು ಮಾಡಿಕೊಂಡು, "ತಪ್ಪಾತು ಕಣವ್ವ," ಎಂದ.

"ಸಿಟ್ಟೇನಿಲ್ಲಪ್ಪ. ಕಲ್ಲು ತಿರುಗ್ದೆ ಪದ ಹೆಂಗ್ ಬರ್ತೈತೆ? ಆ ತಂಬೂರಿ ಪಕ್ಕಕ್ಕಿಟ್ಟು ಎದುರಿಗೆ ಕುಂತ್ಕ, ಗೂಟ ಹಿಡಿ."

ಅಜ್ಜಿಗೆ ಗಿಟಾರೂ ತಂಬೂರಿಯೇ. ಅಂಗೈಗೆ ಬೊಬ್ಬೆ ಬರುವತನಕ ನಾಲ್ವರೂ ಸರದಿಯಲ್ಲಿ ಬೀಸಿದರು, ಬೀಸುತ್ತಲೇ ಪದ ಕಲಿತರು. ಆ ತಿಂಗಳು ನಮ್ಮಲ್ಲಿ ಮುದ್ದೆಗೆ ಬರವಿರಲಿಲ್ಲ. ಚಿತ್ರದುರ್ಗದಲ್ಲಿ ಮೊದಲ ಸಲ ಅದನ್ನು ಹಾಡಿದಾಗ ಹಿಂದೆ ನಿಂತ ಹೆಂಗಸರು ತಾವಾಗಿಯೇ ದನಿಗೂಡಿಸಿದರು. ಹಿರಿಯೂರು, ಹೊಸದುರ್ಗದ ಬ್ಯಾಂಡುಗಳೂ ಆಮೇಲೆ ತಮ್ಮ ತಮ್ಮ ಅಜ್ಜಿಯರನ್ನು ಹುಡುಕಿಕೊಂಡು ಹೊರಟವು.

ಕ್ಯಾಸೆಟ್ ಹೊರತರುವಾಗ ಮಾವ ಅದರ ಮೇಲೆ ಅಜ್ಜಿಯ ಹೆಸರು ಹಾಕಲು ಹೋದ. "ಪದ ನಂದಲ್ಲಪ್ಪ, ನಮ್ಮತ್ತೇದು. ಅವರ ಹೆಸ್ರು ಹಾಕು," ಎಂದಳು. ಏನು ಹೆಸರೆಂದು ಕೇಳಿದರೆ ತಬ್ಬಿಬ್ಬಾದಳು. "ಅತ್ತೆನ ಹೆಸ್ರು ಹಿಡಿದು ಕರೀತಾರೇನೋ?" ಅವ್ವ, ಅತ್ತೆ, ದೊಡ್ಡವ್ವ ಎಂದೇ ಎಲ್ಲರೂ ಕರೆದು, ಆ ಹೆಸರು ಮನೆಯಲ್ಲಿ ಯಾರ ಬಾಯಲ್ಲೂ ಉಳಿದಿರಲಿಲ್ಲ. 'ಅತ್ತೆಯ ಪದ' ಎಂದಷ್ಟೇ ಅಚ್ಚಾಯಿತು.

ಆ ಮನೆ ಈಗಿಲ್ಲ, ಅಜ್ಜಿಯೂ ಇಲ್ಲ. ಯಾವ ಊರಿನ ಯಾವ ಬ್ಯಾಂಡು ಆ ಪದ ಹಾಡಿದರೂ ನನ್ನ ಕೈ ತಾನಾಗಿ ಮುಗಿಯುತ್ತದೆ. ನಿಮ್ಮ ಮನೆಯಲ್ಲೂ ಇಂಥವರಿದ್ದರೆ ಇವತ್ತೇ ಹೆಸರು ಕೇಳಿಟ್ಟುಕೊಳ್ಳಿ. ನನ್ನ ಮಗಳಿಗೆ ಅವಳು ಬರೀ ಮುತ್ತಜ್ಜಿ, ಅದಕ್ಕೇ ಬರೆದಿಡುತ್ತಿದ್ದೇನೆ. ನಮ್ಮಜ್ಜಿಯ ಹೆಸರು ಹನುಮಕ್ಕ.