ಉಳಿದರೆ ಅವರದು, ಉದುರಿದರೆ ದೇವಕಮ್ಮನದು

ಶಹಾಪುರದ ಹಳೇ ಓಣಿಗೆ ಇನ್ನೂ ಬಿಸಿಲು ಇಳಿದಿಲ್ಲ. ಕಸ್ತೂರಿ ಎಂಬವರ ಮನೆಯ ಪಡಸಾಲೆಯಲ್ಲಿ ದೇವಕಮ್ಮ ಗೋಡೆಗೆ ಕೈಯ ಹಿಂಬದಿಯನ್ನು ಒತ್ತಿ ನಿಂತಿದ್ದಾರೆ, ಮಗುವಿನ ಜ್ವರ ನೋಡುವ ತಾಯಿಯ ಹಾಗೆ. ಆಮೇಲೆ ಬಣ್ಣ ಕೆರೆಯುವ ಪಟ್ಟಿಯ ಹಿಡಿಯಿಂದ ಅಲ್ಲಲ್ಲಿ ತಟ್ಟುತ್ತಾರೆ. ಟೊಳ್ಳು ಸದ್ದು ಬರುತ್ತದೆ. ಹೋದ ವರ್ಷ ಬಳಿದ ಮಾವಿನಹಣ್ಣಿನ ಬಣ್ಣ ಆಳೆತ್ತರದವರೆಗೆ ಉಬ್ಬಿ, ಒಡೆದ ಹಪ್ಪಳದಂತೆ ನೆಲಕ್ಕೆ ಉದುರಿದೆ.

"ಗ್ವಾಡಿ ನೋಡೂದಾದ್ರ ಮುಂಜಾನಿನೇ ನೋಡ್ಬೇಕ್ರಿ," ಎನ್ನುತ್ತಾರೆ ಅವರು. "ಬಿಸಿಲೇರಿದ ಮ್ಯಾಲ ಎಲ್ಲಾ ಗ್ವಾಡಿನೂ ಬೆಚ್ಚಗಾಗಿ ಸುಳ್ಳ ಹೇಳ್ತಾವ."

ಇವತ್ತು ಅವರನ್ನು ಇಲ್ಲಿಗೆ ಯಾರೂ ಕರೆದಿಲ್ಲ. ಈ ಗೋಡೆ ತಮ್ಮ ಹೆಸರು ಕೆಡಿಸಿದೆ ಎಂದು ತಾವಾಗಿಯೇ ಬಂದಿದ್ದಾರೆ. ಕೆಟ್ಟ ಹೆಸರಿನಿಂದ ಕೂಲಿ ನಿಂತುಹೋದ ಹೆಂಗಸು ಇನ್ನೇನು ಮಾಡಬೇಕು?

ದೇವಕಮ್ಮ ಬಣ್ಣದ ಕೆಲಸದವರು. ಆದರೆ ಶಹಾಪುರ, ಸುರಪುರ, ಯಾದಗಿರಿ ಎಲ್ಲಿ ಹೋದರೂ ಅವರನ್ನು ಪೇಂಟರ್ ಎಂದವರಿಲ್ಲ. ಬ್ರಶ್ ಹಿಡಿಯುವ ಗಂಡಸು ಪೇಂಟರ್. ಹಳೇ ಬಣ್ಣ ಕೆರೆದು, ಬಿರುಕಿಗೆ ಪುಟ್ಟಿ ತುಂಬಿ, ದಿನವಿಡೀ ಉಜ್ಜಿ ಗೋಡೆಯನ್ನು ನುಣುಪು ಮಾಡುವ ಹೆಂಗಸು ಬರೀ 'ಕೆರಿಯಾಕಿ'. ಮೂಗಿಗೆ ಸೆರಗು ಕಟ್ಟಿಕೊಂಡು ಊರಿನ ಗೋಡೆಗಳ ಧೂಳನ್ನೆಲ್ಲ ಕುಡಿಯುವುದು ಆಕೆ. ಬಣ್ಣದ ಡಬ್ಬಿಯ ಮುಚ್ಚಳ ತೆಗೆಯುವ ಹೊತ್ತಿಗೆ ಮಾತ್ರ "ನೀ ಹೊರಗ ಕುಂದ್ರು" ಎಂಬ ಅಪ್ಪಣೆಯಾಗುತ್ತದೆ. ಚಹಾ ಬಂದಾಗ ಬ್ರಶ್ಶಿನವರಿಗೆ ಪಿಂಗಾಣಿ ಕಪ್ಪು, ಬುದ್ಧವಿಹಾರದ ಓಣಿಯಿಂದ ಬಂದ ದೇವಕಮ್ಮನಿಗೆ ಕಾಗದದ ಲೋಟ. ಮನೆಯ ಗೋಡೆಗಳನ್ನೆಲ್ಲ ಮುಟ್ಟಿದ ಕೈಗೆ ಒಂದು ಕಪ್ಪು ಮುಟ್ಟುವ ಯೋಗ್ಯತೆ ಇಲ್ಲವಂತೆ!

ಹಿಂದೆ ಹೀಗಿರಲಿಲ್ಲ ಎಂಬುದು ಅವರ ಸಿಟ್ಟಿನ ಬೇರು. "ಸಣ್ಣಾಕಿದ್ದಾಗ ಅವ್ವನ ಕೂಡ ಸುಣ್ಣ ಹಚ್ಚಾಕ ಹೋಗ್ತಿದ್ದೆ. ಸುಣ್ಣ ಇದ್ದಾಗ ಹೆಂಗಸರೇ ಹಚ್ತಿದ್ವಿ. ಡಬ್ಬಿ ಬಣ್ಣ ಬಂದು ನಾಕು ರೊಕ್ಕ ಹುಟ್ಟಾಕತ್ತಿದ ಮ್ಯಾಲ ಬ್ರಶ್ ಗಂಡಸರ ಕೈಗಿ ಹೋತು. ಕೆರಿಯೂದು ನಮಗ ಉಳೀತು."

ಮನೆಗೆ ಯಾವಾಗ ಬಣ್ಣ ಬೇಕು ಎಂದು ಕೇಳಿ ನೋಡಿ. ಮದುವೆ ಗೊತ್ತಾದಾಗ, ಹೆಣ್ಣು ನೋಡಲು ಬಂದಾಗ ಎನ್ನುತ್ತದೆ ಊರು. ದೇವಕಮ್ಮ ನಗುತ್ತಾರೆ. "ಬೀಗರು ಬರ್ತಾರಂದ್ರ ಮಂದಿಗಿ ಬಣ್ಣ ಬೇಕು. ಗ್ವಾಡಿಗಿ ಬೀಗರು ಗೊತ್ತಿಲ್ರಿ." ಅಂಗೈಯಿಂದ ಒರೆಸಿದಾಗ ಹಿಟ್ಟಿನಂತೆ ಪುಡಿ ಹತ್ತಿದರೆ ಗೋಡೆ ಬಣ್ಣ ಕೇಳುತ್ತಿದೆ ಎಂದು ಅರ್ಥ. ಮೈಮೇಲೆ ಬಿಳಿ ಉಪ್ಪು ಎದ್ದು, ಬೆಳಗ್ಗೆ ತಣ್ಣಗಿದ್ದರೆ ಅದು ಬಣ್ಣ ಕೇಳುತ್ತಿಲ್ಲ, ನೀರು ನಿಲ್ಲಿಸಿ ಎನ್ನುತ್ತಿದೆ. ಅಜ್ಜ ಒರಗಿ ಕೂತ ಜಾಗದ ತಲೆಎಣ್ಣೆಯ ಕಲೆಯನ್ನಂತೂ ಮನೆಯವರನ್ನು ಕೇಳದೆ ಅವರು ಕೆರೆಯುವುದೇ ಇಲ್ಲ.

ಹೋದ ವರ್ಷ ಕಸ್ತೂರಿಯವರ ಮಗಳ ನಿಶ್ಚಿತಾರ್ಥಕ್ಕೆ ಇದೇ ಪಡಸಾಲೆಗೆ ಬಣ್ಣ ಹಚ್ಚಬೇಕಿತ್ತು. ಗೋಡೆಯ ಆಚೆ ಬಚ್ಚಲಿದೆ, ಅದರ ನಳ ಸೋರುತ್ತಿತ್ತು. ಗೋಡೆ ಹಸಿ ಇದೆ, ಇದೊಂದನ್ನು ಬಿಡಿ ಎಂದು ದೇವಕಮ್ಮ ಹೇಳಿದರು. ಗುತ್ತೇದಾರ ಮಹೇಶಕುಮಾರ ಎಲ್ಲರೆದುರು ಗದರಿದ: "ಕೆರಿಯಾಕಿ ಕೆರಿಬೇಕು, ಮಾತಾಡ್ಬಾರ್ದು." ಅಲ್ಲಿಗೆ ಮುಗಿಯಿತು. ಹಸಿ ಗೋಡೆಗೇ ಬಣ್ಣ ಬಿತ್ತು, ಫೋಟೋಗಳು ಚಂದ ಬಂದವು, ಬೀಗರು ಹೊಗಳಿ ಹೋದರು. ಮೇಲೆ ಥಳಕು, ಒಳಗೆ ಹುಳುಕು.

ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆ ತನ್ನ ಒಳಗಿನದನ್ನೆಲ್ಲ ಹೊರಗೆ ಹಾಕಿತು. ಆಗ ಮಹೇಶಕುಮಾರನ ಬಾಯಿಗೆ ಸುಲಭವಾಗಿ ಸಿಕ್ಕಿದ ಹೆಸರು ಒಂದೇ: "ದೇವಕಮ್ಮ ಸರಿಯಾಗಿ ಕೆರದಿಲ್ಲ." ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಆಕೆಯನ್ನು ಕರೆಯಬೇಡಿ ಎಂಬ ಮಾತು ಓಣಿಯಿಂದ ಓಣಿಗೆ ಹರಿದು ಸುರಪುರದವರೆಗೂ ಹೋಯಿತು. ದೀಪಾವಳಿಗೆ ಊರೆಲ್ಲ ಬಣ್ಣ ಬಳಿಸಿಕೊಂಡಿತು, ದೇವಕಮ್ಮನ ಪಟ್ಟಿ ಮನೆಯ ಗೂಟದಲ್ಲೇ ತೂಗಿತು. ಒಂದು ಸುಳ್ಳಿಗೆ ಒಂದು ಕುಟುಂಬದ ಒಲೆ ಆರಿಸುವ ಶಕ್ತಿ ಇದೆ ಎಂಬುದು ಗುತ್ತೇದಾರನಿಗೆ ಗೊತ್ತಿಲ್ಲ ಅಂದುಕೊಳ್ಳಬೇಡಿ. ಚೆನ್ನಾಗಿಯೇ ಗೊತ್ತಿದೆ.

"ಬಣ್ಣ ಉಳದ್ರ ಅವರ ಹೆಸರು, ಉದುರಿದ್ರ ನನ್ನ ಹೆಸರು. ಇದ್ಯಾವ ನ್ಯಾಯ್ರಿ?" ಎಂದು ದೇವಕಮ್ಮ ಕೇಳುತ್ತಾರೆ. ಅವರದು ಮೆತ್ತನೆಯ ದನಿಯಲ್ಲ. ಒಳಗಿನ ಕೋಣೆಗೂ ಕೇಳುವಂತೆ ಕೇಳುತ್ತಾರೆ.

ಕಸ್ತೂರಿ ಹೊರಗೆ ಬರುತ್ತಾರೆ. ದೇವಕಮ್ಮ ಜಾಗ ಬಿಟ್ಟು ಸರಿದು, "ಅಕ್ಕಾರ, ನಿಮ್ಮ ಕೈ ನೀವೇ ಇಟ್ಟು ನೋಡ್ರಿ" ಎನ್ನುತ್ತಾರೆ. ಕಸ್ತೂರಿ ಉಬ್ಬಿದ ಗೋಡೆಗೆ ಕೈ ಇಡುತ್ತಾರೆ. ಎದುರಿನ ಗೋಡೆಗೂ ಇಡುತ್ತಾರೆ.

"ಹೌದು, ಇದು ಥಂಡಿ ಅದ," ಎಂದು ದನಿ ತಗ್ಗಿಸುತ್ತಾರೆ. "ಖರೇ ದೇವಕಮ್ಮ, ನೀ ಅವತ್ತೇ ಅಂದಿದ್ದಿ. ಆದ್ರ ಮಹೇಶ ನನ್ನ ತವರಿನ ಕಡಿಯಾಂವ. ಈಗ ಯಾರ ಮುಂದ ಹೇಳಲಿ?"

"ಓಣ್ಯಾಗ ಹೇಳ್ರಿ ಅಕ್ಕಾರ. ನನ್ನ ಹೆಸರು ಓಣ್ಯಾಗೇ ಹೋಗ್ಯಾದ."

ಅಷ್ಟರಲ್ಲಿ ಎದುರುಮನೆಯ ಸೂಗಮ್ಮ ಕಟ್ಟೆಗೆ ನೀರು ಹಾಕುತ್ತಾ ಕೂಗುತ್ತಾರೆ: "ಏನ್ ಕಸ್ತೂರಿ, ಮತ್ತ ಆ ಕೆರಿಯಾಕಿನೇ ಕರ್ಸೀಯೇನು?"

ಕಸ್ತೂರಿ ಗೋಡೆಯಿಂದ ಕೈ ತೆಗೆಯುತ್ತಾರೆ. ನಂತರ ಹೊಸ್ತಿಲಿಗೆ ಬಂದು, ನಳದ ಹತ್ತಿರ ಕೊಡ ಹಿಡಿದು ನಿಂತವರಿಗೂ ಕೇಳುವಂತೆ ಹೇಳುತ್ತಾರೆ: "ಗ್ವಾಡಿ ಹಸಿ ಅದ, ಹಚ್ಚಬ್ಯಾಡ್ರಿ ಅಂತ ಆಕಿ ಅವತ್ತೇ ಹೇಳಿದ್ಳು. ನಾವೇ ಕೇಳಲಿಲ್ಲ. ಆಕಿದೇನೂ ತಪ್ಪಿಲ್ಲ."

ದೇವಕಮ್ಮನ ಮುಖ ಅರಳುವುದಿಲ್ಲ. ಯಾಕೆ ಅರಳಬೇಕು? "ಇಷ್ಟು ಮಾತು ದೀಪಾವಳಿಗಿಂತ ಮೊದಲ ಅಂದಿದ್ರ ನನ್ನ ಹೊಟ್ಟಿ ಮ್ಯಾಲ ಕಲ್ಲು ಬೀಳ್ತಿದ್ದಿಲ್ರಿ," ಎನ್ನುತ್ತಾರೆ. ಕಸ್ತೂರಿ ತಲೆ ತಗ್ಗಿಸಿ, ಇನ್ನು ಈ ಗೋಡೆಗೆ ಏನು ಮಾಡೋಣ ಎಂದು ಕೇಳುತ್ತಾರೆ.

"ಮೊದಲ ನಳ ರಿಪೇರಿ ಮಾಡಸ್ರಿ. ನಾ ಪೂರಾ ಕೆರದು ಬಿಡ್ತೀನಿ, ಬ್ಯಾಸಗಿ ಬಿಸಿಲಿಗಿ ಒಣಗ್ಲಿ. ಬಣ್ಣ ಯಾವಾಗ ಅನ್ನೂದು ನಾ ಬಂದು, ಕೈ ಇಟ್ಟು ಹೇಳ್ತೀನಿ." ದೇವಕಮ್ಮ ಸೆರಗನ್ನು ಮೂಗಿಗೆ ಬಿಗಿದುಕೊಳ್ಳುತ್ತಾರೆ, ಪಟ್ಟಿ ಎತ್ತುತ್ತಾರೆ. ಏನೋ ನೆನಪಾದಂತೆ ಸೆರಗು ಸರಿಸಿ ತಿರುಗುತ್ತಾರೆ.

"ಈ ಸಲ ಉದುರಿದ್ರ ಜರೂರ ನನ್ನ ಹೆಸರೇ ಹೇಳ್ರಿ ಅಕ್ಕಾರ. ಆದ್ರ ಬ್ರಶ್ ನನ್ನ ಕೈಯಾಗ ಇರ್ಲಿ."